ನನ್ನ ಜಗಲಿಯಲ್ಲಿ ಉಸಿರು ಅಳೆದ ವರ್ಷ

ಊದುಬತ್ತಿ ಹೊಸೆಯಲು ಒಬ್ಬಳೇ ಕೂತರೆ ಕೈ ಓಡುವುದಿಲ್ಲ. ಮಾತು ಬೇಕು. ಅಶೋಕಪುರಂನ ನಮ್ಮ ಬೀದಿಯ ಹೆಂಗಸರು ಮಧ್ಯಾಹ್ನ ಉಂಡು, ಹೊಸೆಯುವ ಹಲಗೆ ಎತ್ತಿಕೊಂಡು ನನ್ನ ಜಗಲಿಗೇ ಬರುತ್ತಿದ್ದರು. ಗಾಳಿಗೆ ಇದ್ದಿಲ ಪುಡಿ ಹಾರಿಹೋಗದ ಹಾಗೆ ಸುತ್ತ ತಗಡು ಹೊಡೆಸಿದ್ದೆ. ಒಳಗೆ ಸೆಕೆ, ಕೆಮ್ಮು, ನಗು. ಗಂಡ ಹೋದ ಮೇಲೆ ನನಗಿದ್ದ ಜನ ಅಂದರೆ ಅಷ್ಟೇ. ಅವರು ಎದ್ದು ಹೋದರೆ ಮನೆ ಬಿಕೋ ಅನ್ನುತ್ತಿತ್ತು.

ಮಗಳು ಅಳಿಯ ನಂಜನಗೂಡಿನ ಕಡೆ ಕೂಲಿ ಮಾಡುತ್ತಿದ್ದರು. ಮೊಮ್ಮಗಳು ನನ್ನ ಹತ್ತಿರ ಇದ್ದು ಓದಿದವಳು. ನಾನು ಕಲಿತದ್ದು ಮೂರನೇ ಕ್ಲಾಸು. ಇವಳು ಏನು ಓದುತ್ತಾಳೆ ಅಂತ ಯಾರಾದರೂ ಕೇಳಿದರೆ "ಆರೋಗ್ಯದ್ದು" ಅಂದು ಬಾಯಿ ಮುಚ್ಚುತ್ತಿದ್ದೆ. ಎರಡು ಸಾವಿರ ಇಸವಿ ದಾಟಿದ ಮೇಲೆ ಕಾಲೇಜೊಂದರಲ್ಲಿ ಸಂಶೋಧನೆಗೆ ಸೇರಿದಳು. ಅಲ್ಲಿ ಅವಳ ಜೊತೆ ಕೂತು ಉಣ್ಣುವವರು ಇರಲಿಲ್ಲ. ಅವಳು ಹೇಳಲಿಲ್ಲ. ಡಬ್ಬಿಗೆ ನಾನು ಇಬ್ಬರಿಗಾಗುವಷ್ಟು ತುಂಬುತ್ತಿದ್ದೆ, ಅರ್ಧ ವಾಪಸ್ ಬರುತ್ತಿತ್ತು. ಗೊತ್ತಾಗಲು ಅಷ್ಟು ಸಾಕು.

ನಮ್ಮಂಥ ಮನೆಗಳಿಂದ ಬಂದು ಹೊಸದಾಗಿ ಸಂಶೋಧನೆ ಶುರು ಮಾಡುವವರಿಗೆಂದೇ ಒಂದು ಅನುದಾನ ಇತ್ತು. ಅದು ಇವಳಿಗೆ ಸಿಕ್ಕಿತು. ಜೊತೆಯಲ್ಲಿದ್ದವನೊಬ್ಬ "ಕೋಟಾ ದುಡ್ಡು" ಅಂದನಂತೆ. ದೊಡ್ಡ ದುಡ್ಡೇನಲ್ಲ. ಉಸಿರು ಅಳೆಯುವ ಕೊಳವೆ, ಬಸ್ಸು, ಜೆರಾಕ್ಸು, ಬಂದವರಿಗೆ ಟೀ, ಅಲ್ಲಿಗೆ ಮುಗಿಯಿತು. ಒಂದೇ ವರ್ಷದ ಗಡುವು. ಅಷ್ಟರಲ್ಲಿ ನಂಬುವಂಥ ಕೆಲಸ ತೋರಿಸಿದರೆ ಮುಂದಕ್ಕೆ ದಾರಿ, ಇಲ್ಲದಿದ್ದರೆ ಮನೆಗೆ. ಎರಡನೇ ಸಲ ಕೊಡುವುದಿಲ್ಲ.

ಊದುಬತ್ತಿ ಹೊಸೆಯುವವರ ಎದೆ ಏನಾಗಿದೆ ಅಂತ ನೋಡುವುದು ಅವಳು ಹಿಡಿದ ವಿಷಯ. ಊರೆಲ್ಲ ಅಲೆಯಬೇಕಾಗಿರಲಿಲ್ಲ. ನನ್ನ ಜಗಲಿಯಲ್ಲೇ ಇದ್ದರು.

"ಭಾನ್ವಾರ ಕೆಲಸದಿಂದ ಎದ್ದು ಹಂಗೇ ಬನ್ನಿ, ಕೈಯೂ ತೊಳೀಬೇಡಿ" ಅಂತ ಎಲ್ಲರಿಗೂ ಹೇಳಿದಳು. ಭಾನುವಾರ ನೋಡಿದರೆ ಎಲ್ಲ ತಲೆಗೆ ನೀರು ಹಾಕಿಕೊಂಡು, ಹೂ ಮುಡಿದು, ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದರು. ಡಾಕ್ಟರ ಹತ್ತಿರ ಹೋಗುವಾಗ ನಮ್ಮವರು ಹಾಗೇ ಹೋಗುವುದು. ಪ್ಲಾಸ್ಟಿಕ್ ಕೊಳವೆಗೆ ಬಾಯಿಟ್ಟು ಊದಿದರೆ ಪಕ್ಕದ ಮುಳ್ಳು ಮುಂದಕ್ಕೆ ಓಡುತ್ತದೆ. ಇವರು ಊದಿದ ಹೊಡೆತಕ್ಕೆ ಮುಳ್ಳು ತುದಿ ಮುಟ್ಟುವುದೊಂದು ಬಾಕಿ.

ವಾರಗಟ್ಟಲೆ ಹೀಗೇ ನಡೆಯಿತು. ಮೊಮ್ಮಗಳ ಮುಖ ಸಪ್ಪಗಾಯಿತು.

"ಇವ್ರುದ್ದು ಗರಡಿ ಪೈಲ್ವಾನ್ರ ಎದೆ ಅಜ್ಜಿ. ಇದನ್ನ ತಗೊಂಡೋದ್ರೆ ಕಾಲೇಜಲ್ಲಿ ನಗ್ತಾರೆ. ಧೂಳಲ್ಲಿ ಕೂರೋರು ಹಿಂಗೆ ಊದಕ್ಕೆ ಎಂಗಾಯ್ತದೆ?"

ನನಗೂ ಅನುಮಾನ ಬಂತು. ನಮ್ಮ ಪಕ್ಕದ ಮನೆಯವಳು ಕೆಮ್ಮಿದರೆ ನಮ್ಮ ಗೋಡೆ ಅದುರುತ್ತದೆ. ಅವಳು ಒಂದು ಭಾನುವಾರವೂ ಬರಲಿಲ್ಲ. ಊರಿಗೆ ಹೋಗಿದ್ದಾಳೆ ಅಂತ ಉಳಿದವರು ಹೇಳಿದರು. ಊರಿಗೆ ಹೋದವಳ ಕೆಮ್ಮು ಗೋಡೆಯಾಚೆ ಕೇಳುತ್ತಲೇ ಇತ್ತು. ಹೋಗಿ ಬಾಗಿಲಲ್ಲಿ ನಿಂತೆ.

"ಊರಿಂದ ಯಾವಾಗ ಬಂದೆ ಕಣಮ್ಮಿ?"

"ಹೋಗಿದ್ರೆ ತಾನೆ ಬರಕ್ಕೆ" ಅಂದಳು. "ನಾನು ಬಂದು ಕೊಳ್ವೆ ಮುಂದೆ ಕೆಮ್ಕೊಂಡ್ ಕೂತ್ರೆ ನಿನ್ ಮೊಮ್ಮಗ್ಳು ಪಾಸಾಯ್ತಾಳಾ ಅಕ್ಕ? ದೊಡ್ಡೋರು ನಂಬಿ ದುಡ್ಡು ಕೊಟ್ಟವ್ರೆ. ಅದಕ್ಕೇ ಚೆನ್ನಾಗಿ ಊದೋರ್ನ ಮಾತ್ರ ಕಳಿಸ್ತಾ ಇದೀವಿ."

"ಬಂದೋರೆಲ್ಲ ಎಂಗೆ ಅಷ್ಟು ಚೆನ್ನಾಗಿ ಊದಿದ್ರು?"

"ಶುಕ್ರವಾರದಿಂದ ಹಲಗೇನೇ ಮುಟ್ಟಿರಾಕಿಲ್ಲ. ಮೆಣಸಿನ ಕಷಾಯ ಬೇರೆ ಕುಡ್ದಿರ್ತಾರೆ. ನಮ್ ಬೀದಿ ಹುಡ್ಗಿ ಪರೀಕ್ಷೆ ಅಲ್ವಾ?"

ಕೂಲಿ ಬಿಟ್ಟು ಕೂತಿದ್ದರು, ದಡ್ಡ ಮುಂಡೇವು. ಶುಕ್ರವಾರ, ಶನಿವಾರ ಒಬ್ಬೊಬ್ಬಳು ಒಂದೊಂದು ನೆಪ ಹೇಳಿ ಜಗಲಿಗೆ ಬರದಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು.

ಮೊಮ್ಮಗಳಿಗೆ ಹೇಳಿದೆ. ಅವಳು ಅಳಲಿಲ್ಲ. ಅಲ್ಲಿವರೆಗೆ ಮಾಡಿದ್ದನ್ನೆಲ್ಲ ಕಟ್ಟಿ ಮೂಲೆಗಿಟ್ಟು, "ಮೊದ್ಲಿಂದ ಮಾಡ್ಬೇಕು" ಅಂದಳು. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದಿತ್ತು. ಕಾಲೇಜಿನಲ್ಲಿ ಇದನ್ನು ಹೇಳಿಕೊಳ್ಳಲು ಅವಳಿಗೆ ಯಾರೂ ಇರಲಿಲ್ಲ. ಇದ್ದವಳು ನಾನು, ನನಗೆ ಅರ್ಥವಾಗುತ್ತಿದ್ದದ್ದು ಕಾಲುಭಾಗ.

ಮಾರನೆಯ ದಿನ ಎಲ್ಲ ಹೊಸೆಯುತ್ತ ಕೂತಿದ್ದಾಗ ಅವಳನ್ನು ಕರೆದು, ಮಸಿ ಕೈಯಲ್ಲೇ ಕೊಳವೆ ಇಸಿದುಕೊಂಡೆ. ಇದ್ದ ಉಸಿರೆಲ್ಲ ಹಾಕಿ ಊದಿದೆ. ಮುಳ್ಳು ಒಂಚೂರು ಅಲುಗಿ ನಿಂತಿತು.

"ಅಕ್ಕಂದು ಗಾಡಿ ಸ್ಟಾರ್ಟೇ ಆಗ್ಲಿಲ್ಲ!" ಅಂತ ಒಬ್ಬಳು ನಕ್ಕಳು.

"ನಗ್ರಮ್ಮ, ನಗ್ರಿ. ಈಗ ನನ್ ಮೊಮ್ಮಗ್ಳು ಫೇಲಾದ್ಲಾ, ಅವಳ್ನೇ ಕೇಳಿ."

"ಇಲ್ಲ ಕಣತ್ತೆ, ನಂಗೆ ಬೇಕಾಗಿದ್ದೇ ಇದು" ಅಂದಳು ಮೊಮ್ಮಗಳು, ನಕ್ಕವಳ ಕಡೆ ತಿರುಗಿ. "ಎದೆ ಎಂಗಿದ್ಯೋ ಅಂಗೇ ಊದಿ. ನಿಮ್ ಕೆಮ್ಮ ಬಚ್ಚಿಟ್ರೆ ನಾನು ಫೇಲು."

ಪಕ್ಕದ ಮನೆಯವಳೂ ಅವತ್ತು ಬಂದು ಕೂತಿದ್ದಳು. "ಅಂಗಾದ್ರೆ ತಾ ಇಲ್ಲಿ. ನಿಂಗೆ ಫಸ್ಟ್ ಕ್ಲಾಸೇ ಕೊಡಿಸ್ಬುಡ್ತೀನಿ" ಅಂದು ಕೊಳವೆ ಕಿತ್ತುಕೊಂಡಳು. ಊದುವ ಮೊದಲೇ ಕೆಮ್ಮು ಬಂತು. ನಗುತ್ತಿದ್ದವರು ನಿಲ್ಲಿಸಿದರು.

ಆಮೇಲೆ ಮನೆ ಸೇರಿಕೊಂಡಿದ್ದ ಕೆಮ್ಮಿನವರೆಲ್ಲ ಹೊರಗೆ ಬಂದರು. ಗಡುವಿಗೆ ಮುಂಚೆ ಮೊಮ್ಮಗಳ ಕೆಲಸ ಮುಗಿಯಿತು. ಕಾಲೇಜಿನವರು ಒಪ್ಪಿದರು, ಹಿನಕಲ್ ಕಡೆಯ ಹೆಂಗಸರ ಉಸಿರು ನೋಡುವ ಹೊಸ ಕೆಲಸವೂ ಸಿಕ್ಕಿತು. ಅದಕ್ಕೆ ಹೋಗುವ ಮುಂಚೆ ನಮ್ಮ ಬೀದಿಯವರನ್ನೆಲ್ಲ ಕೂರಿಸಿಕೊಂಡು ಹೇಳಿದಳು: ಗಾಳಿಯಾಡದ ಕಡೆ ಕೂತರೆ ಪುಡಿಯೆಲ್ಲ ಎದೆಗೇ ಹೋಗುತ್ತದೆ. ಈ ಜಗಲಿಯಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ.

ಹೆಂಗಸರು ಹಲಗೆ ಎತ್ತಿಕೊಂಡು ಬೀದಿ ಮೂಲೆಯ ಹೊಂಗೆ ಮರದ ಕೆಳಕ್ಕೆ ಹೋದರು. ನಾನೂ ನನ್ನದನ್ನು ಎತ್ತಿಕೊಂಡೆ. ಮೊಮ್ಮಗಳು ಅಡ್ಡ ನಿಂತಳು.

"ನೀನು ಬೇಡ ಅಜ್ಜಿ. ಎಲ್ಲಾರ್ಗಿಂತ ಕಮ್ಮಿ ಊದಿದ್ದು ನೀನೇ. ಆ ಪುಡಿ ಹತ್ರ ಕೂರೋದೂ ಬೇಡ."

ಸಂಶೋಧನೆ ಮಾಡಿ ಹೇಳುತ್ತಿದ್ದಾಳೆ, ಸುಳ್ಳು ಅನ್ನುವ ಹಾಗಿಲ್ಲ. ಹಲಗೆ ಪಕ್ಕದ ಮನೆಯವಳಿಗೆ ಕೊಟ್ಟೆ.

ತಗಡು ತೆಗೆಸಿದ್ದೇನೆ, ಜಗಲಿಗೆ ಈಗ ಬೆಳಕು ಬೀಳುತ್ತದೆ. ಮೊಮ್ಮಗಳು ಹಿನಕಲ್‌ನಿಂದ ಬರುವುದು ದೀಪ ಹಚ್ಚಿದ ಮೇಲೆ. ಡಬ್ಬಿ ಖಾಲಿಯಾಗಿ ಬರುತ್ತದೆ, ಯಾರೋ ಜೊತೆಗೆ ಉಣ್ಣುತ್ತಿರಬೇಕು. ಮಧ್ಯಾಹ್ನ ಉಂಡು ನಾನು ಜಗಲಿಯಲ್ಲಿ ಕೂರುತ್ತೇನೆ. ಮೂಲೆಯಿಂದ ಅವರ ನಗು ಇಲ್ಲಿಯವರೆಗೂ ಬರುತ್ತದೆ. ಯಾವ ಮಾತಿಗೆ ನಕ್ಕರೋ ಕೇಳಿಸುವುದಿಲ್ಲ.