‘ಬರ್ತೀನಿ’ ಎಂದ ಸಣ್ಣ ಟೀಚರು

ನಮ್ಮ ಅತ್ತಿಗೆಗೆ ಸುಳ್ಳು ಹೇಳಲು ಬರುವುದಿಲ್ಲ. ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ, ದೂರುತ್ತಿದ್ದೇನೆ. ಮದುವೆಯಾದ ವಾರದಲ್ಲೇ ನಮ್ಮಣ್ಣನಿಗೆ ಅವನ ಗೊರಕೆಯ ವಿಷಯ, ನನಗೆ ನನ್ನ ಹಾಡಿನ ವಿಷಯ ಮುಖಕ್ಕೇ ಹೇಳಿದವಳು. ಅದು ಹಾಳಾಗಿ ಹೋಗಲಿ. ಶಾಲೆಗೇ ಸಂಚಕಾರ ಬಂತಲ್ಲ, ಅದನ್ನು ಕೇಳಿ.

ನಮ್ಮದು ಎರಡು ಕೋಣೆಯ ಶಾಲೆ. ಒಂದರಲ್ಲಿ ದೊಡ್ಡ ಮೇಷ್ಟ್ರು, ಇನ್ನೊಂದರಲ್ಲಿ ಅತ್ತಿಗೆ. ಅವಳು ಕುಳ್ಳಿ, ಕಪ್ಪುಹಲಗೆಯ ಮೇಲ್ತುದಿಗೆ ಕೈ ಎಟುಕದೆ ಸ್ಟೂಲು ಹತ್ತಿ ಬರೆಯುತ್ತಾಳೆ. ಅದಕ್ಕೇ ಊರಿಗೆಲ್ಲ ಸಣ್ಣ ಟೀಚರು. ನಾನು ಅಲ್ಲಿನ ಆಯಾ: ಗಂಟೆ ಹೊಡೆಯುವುದು, ಕಸ ಗುಡಿಸುವುದು, ಮಕ್ಕಳ ಮೂಗು ಒರೆಸುವುದು ಎಲ್ಲ ನನ್ನ ಪಾಲಿಗೆ. ಊರಿನ ಮಕ್ಕಳ ಜೊತೆ ಕಲ್ಲುಗಣಿಯ ಕ್ಯಾಂಪಿನ ಮಕ್ಕಳೂ ಬರುತ್ತಿದ್ದರು. ಅವರ ಮನೆಮಾತು ಬೇರೆ. ಅತ್ತಿಗೆ ಮೊದಲು ಕಲ್ಲಿಗೆ, ನೀರಿಗೆ ಅವರು ಏನನ್ನುತ್ತಾರೆಂದು ಕೇಳಿ ತಾನು ಕಲಿತು, ಆಮೇಲೆ ನಮ್ಮ ಮಾತು ಕಲಿಸುತ್ತಿದ್ದಳು. "ಇಲ್ಲಿ ಟೀಚರು ನೀನೋ, ಅವರೋ?" ಎಂದು ನಾನು ಕಿಚಾಯಿಸುತ್ತಿದ್ದೆ.

ತಮಾಷೆ ನೋಡಿ. ಬೇರೆ ಮನೆಮಾತಿನ ಮಕ್ಕಳಿದ್ದಾರೆಂದೇ ನಮ್ಮ ಶಾಲೆಗೆ ವಿಶೇಷ ಅನುದಾನ ಬರುತ್ತಿತ್ತು, ಅತ್ತಿಗೆಯ ಸಂಬಳವೂ ಅದರಿಂದಲೇ. ವರ್ಷಕ್ಕೊಮ್ಮೆ ಓದಿನ ಪರೀಕ್ಷೆ ನಡೆದಾಗ ಅದೇ ಮಕ್ಕಳು ತಡವರಿಸಿ ಶಾಲೆಯ ಸರಾಸರಿ ಕೆಳಗಿಳಿಯುತ್ತಿತ್ತು. ಈ ಸಲವೂ ಇಳಿದರೆ ಅನುದಾನ ಬಂದ್, ಶಾಲೆ ಪೇಟೆಯ ಶಾಲೆಯೊಳಗೆ ವಿಲೀನ ಎಂದು ಮೇಲಿನಿಂದ ಹೇಳಿಬಿಟ್ಟಿದ್ದರು. ಪೇಟೆಗೆ ಹೋಗಲು ಲಾರಿಗಳ ಹೆದ್ದಾರಿ ದಾಟಬೇಕು. ಊರಿನವರು ಬೈಕಿನಲ್ಲಿ ಬಿಟ್ಟು ಬರುತ್ತಾರೆ. ಬೆಳಕು ಹರಿಯುವ ಮೊದಲೇ ಗಣಿಗಿಳಿಯುವವರ ಮಕ್ಕಳನ್ನು ಯಾರು ಬಿಡುತ್ತಾರೆ? ಅವರ ಓದು ಅಲ್ಲಿಗೇ ಮುಗಿದ ಹಾಗೆ.

ಪರೀಕ್ಷೆಯ ಹಿಂದಿನ ಸಂಜೆ ದೊಡ್ಡ ಮೇಷ್ಟ್ರು ಅತ್ತಿಗೆಯನ್ನು ಕರೆದರು. ನಾನು ಕಿಟಕಿ ಒರೆಸುತ್ತಿದ್ದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.

"ಕ್ಯಾಂಪಿಗೆ ಹೋಗಿ ಬನ್ನಿ ಟೀಚರೇ. ನಾಳೆ ರಜೆ, ಮಕ್ಕಳನ್ನ ಕಳಿಸ್ಬೇಡಿ ಅಂತ ಹೇಳಿ."

"ರಜೆ ಎಲ್ಲಿದೆ ಸರ್?"

"ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಒಂದು ದಿನ ಮನೇಲಿದ್ರೆ ಆ ಮಕ್ಕಳಿಗೇ ಶಾಲೆ ಉಳಿಯುತ್ತೆ. ನನಗೇನು ಖುಷೀನಾ ಇದು?"

ಮೇಷ್ಟ್ರು ಕೆಟ್ಟವರಲ್ಲ. ಹೇಳುವಾಗ ಅವರ ಮುಖ ಬಿಳಿಚಿಕೊಂಡಿತ್ತು. ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಅವಳ ಜೊತೆ ನಾನೂ ಹೋದೆ. ತಗಡಿನ ಶೆಡ್ಡುಗಳು, ಎಲ್ಲದರ ಮೇಲೂ ಕಲ್ಲಿನ ಬಿಳಿ ಧೂಳು. ನಾವು ಗುಬ್ಬಿ ಎಂದು ಕರೆಯುತ್ತಿದ್ದ ಹುಡುಗಿ ಓಡಿಬಂದು ಡಬ್ಬ ಬೋರಲು ಹಾಕಿ, ಟೀಚರನ್ನು ಕೂರಿಸಿದಳು. ತಾಯಂದಿರು ಸುತ್ತ ನಿಂತರು. ರಜೆ ಎಂಬ ಮಾತು ಅತ್ತಿಗೆಯ ಬಾಯಿಂದ ಬರಲೇ ಇಲ್ಲ. ನಾನು ಚಿವುಟಿದೆ.

"ನಾಳೆ... ಶಾಲೆಗೆ ಬರ್ಬೇಡಿ," ಅಂದಳು.

"ಬೇಡ?" ಗುಬ್ಬಿಯ ಅಮ್ಮ ಕೇಳಿದಳು.

"ಬೇಡ. ಬರ್ತೀನಿ." ಅಷ್ಟು ಹೇಳಿ ಎದ್ದವಳು ತಿರುಗಿ ನೋಡಲಿಲ್ಲ. ದಾರಿಯುದ್ದಕ್ಕೂ "ನನ್ನ ನಾಲಿಗೆಗೆ ಬೆಂಕಿ ಬೀಳ" ಎಂದು ಅತ್ತಳು. ನನಗೂ ಸಂಕಟವಾಯಿತು, ಆದರೆ ಶಾಲೆ ಉಳಿಯಿತಲ್ಲ ಎಂದುಕೊಂಡೆ.

ಬೆಳಿಗ್ಗೆ ಊರಿನ ಮಕ್ಕಳು ತಲೆ ಬಾಚಿಕೊಂಡು ಬಂದು ಕೂತರು. ಕ್ಯಾಂಪಿನವರ ಬೆಂಚು ಖಾಲಿ. ಪರೀಕ್ಷಾಧಿಕಾರಿ ಬರುವ ಹೊತ್ತು ಮೀರಿತು. ಮೇಷ್ಟ್ರು ಬಾಗಿಲಿಗೂ ಮೇಜಿಗೂ ಅಲೆದಾಡಿದರು. ಅತ್ತಿಗೆ ಖಾಲಿ ಬೆಂಚಿಗೆ ಬೆನ್ನು ಹಾಕಿ ನಿಂತಿದ್ದಳು. ಅಷ್ಟರಲ್ಲಿ ಗೇಟಿನತ್ತ ನೋಡಿದೆ. ಅಧಿಕಾರಿ ಹೆಂಗಸು ನಡೆದೇ ಬರುತ್ತಿದ್ದರು. ಅವರ ಬೆರಳು ಹಿಡಿದು ಗುಬ್ಬಿ, ಹಿಂದೆ ಸಾಲಾಗಿ ಕ್ಯಾಂಪಿನ ಮಕ್ಕಳೆಲ್ಲ, ಕೈಯಲ್ಲಿ ಸ್ಲೇಟು!

"ಇವರು ಯಾಕೆ ರಸ್ತೆ ಪಕ್ಕ ಕೂತಿದ್ರು?" ಅಧಿಕಾರಿ ಕೇಳಿದರು. "ಕೇಳಿದ್ರೆ ಟೀಚರು ಬರ್ತಾರೆ ಅಂತಾರೆ."

"ಟೀಚರೇ ಹೇಳಿದ್ದು," ಗುಬ್ಬಿ ಅಂದಳು. "ಶಾಲೆಗೆ ಬರ್ಬೇಡಿ, ನಾನೇ ಬರ್ತೀನಿ ಅಂತ."

ಅಯ್ಯೋ ದೇವರೇ! ಎದ್ದು ಹೊರಡುವಾಗ ನಮ್ಮಲ್ಲಿ ಯಾರಾದರೂ ‘ಹೋಗ್ತೀನಿ’ ಅನ್ನುತ್ತಾರೆಯೇ? ‘ಬರ್ತೀನಿ’ ಅನ್ನುತ್ತೇವೆ. ಆ ತಾಯಂದಿರಿಗೆ ಅದೇನು ಗೊತ್ತು? ಟೀಚರು ತಾವೇ ಬಂದು ಪಾಠ ಮಾಡುತ್ತಾರೆಂದು ಮಕ್ಕಳನ್ನು ಮೀಯಿಸಿ, ಕೂರಿಸಿ, ಕೆಲಸಕ್ಕೆ ಹೋಗಿದ್ದರು.

ಮೇಷ್ಟ್ರು ನಗಲು ಹೊರಟರು. "ಮಕ್ಕಳಿಗೆ ಭಾಷೆ ಸರಿಯಾಗಿ ಬರಲ್ಲ ಮೇಡಂ, ತಪ್ಪು ತಿಳ್ಕೊಂಡಿದ್ದಾರೆ. ಅಲ್ವಾ ಟೀಚರೇ?"

ಒಂದು ‘ಹೌದು’ ಸಾಕಿತ್ತು. ಪೊರಕೆ ಬಿಗಿಹಿಡಿದು ಮನಸ್ಸಿನಲ್ಲೇ ಕೂಗಿಕೊಂಡೆ: ಒಂದೇ ಒಂದು ಸಲ ಸುಳ್ಳು ಹೇಳೇ ಮಾರಾಯ್ತಿ!

"ಇಲ್ಲ ಮೇಡಂ," ಅಂದಳು ಅತ್ತಿಗೆ. "ಬರ್ಬೇಡಿ ಅಂತ ನಾನೇ ಹೇಳಿ ಬಂದೆ. ಇವರು ಓದಿದ್ರೆ ಸರಾಸರಿ ಬೀಳುತ್ತೆ ಅಂತ." ಮೇಷ್ಟ್ರ ಹೆಸರೆತ್ತಲಿಲ್ಲ. ಮೇಷ್ಟ್ರು ನೆಲ ನೋಡಿದರು.

ಅಧಿಕಾರಿ ಖಾಲಿ ಬೆಂಚಿನತ್ತ ಕೈ ತೋರಿಸಿ, "ಎಲ್ಲರನ್ನೂ ಕೂರಿಸಿ" ಅಂದರು.

ಎಲ್ಲರೂ ಓದಿದರು. ಗುಬ್ಬಿ ಅಕ್ಷರದ ಕೆಳಗೆ ಬೆರಳಿಟ್ಟು, ತಡವರಿಸಿ, ಬೆವತು, ಪಾಠದ ಕೊನೆಯ ಸಾಲನ್ನು ಮುಟ್ಟಿಯೇ ಬಿಟ್ಟಳು. ಹೋದ ವರ್ಷ ಆ ಹುಡುಗಿಗೆ ಒಂದಕ್ಷರ ಬರುತ್ತಿರಲಿಲ್ಲ. ಸರಾಸರಿ ಅದನ್ನೆಲ್ಲ ಎಲ್ಲಿ ಕೇಳುತ್ತದೆ?

ಅಧಿಕಾರಿ "ಬರ್ತೀನಿ" ಎಂದು ಹೊರಟಾಗ ಗುಬ್ಬಿ, "ನಾಳೆನಾ?" ಎಂದು ಕೇಳಿದಳು. ಅವತ್ತು ಅತ್ತಿಗೆ ಮಕ್ಕಳಿಗೆ ಬೇರೆ ಪಾಠ ಮಾಡಲಿಲ್ಲ. ‘ಬರ್ತೀನಿ’ ಅಂದರೇನು, ಹೊರಡುವಾಗ ಯಾಕೆ ಹಾಗನ್ನಬೇಕು, ಅಷ್ಟೇ.

ಶಾಲೆ ಉಳಿಯಲಿಲ್ಲ. ಬಾಗಿಲಿಗೆ ಬೀಗ ಬಿದ್ದ ಸಂಜೆ ಅತ್ತಿಗೆ ಕ್ಯಾಂಪಿಗೆ ಹೋಗಿ, ಅದೇ ಡಬ್ಬದ ಮೇಲೆ ಕೂತು, ಈ ಸಲ ನೇರವಾಗಿ ಹೇಳಿದಳು. "ಶಾಲೆ ಮುಚ್ಚಿತು. ಇನ್ನು ನಾನು ಟೀಚರಲ್ಲ." ತಾಯಂದಿರಿಗೆ ಈ ಸಲ ಸರಿಯಾಗಿಯೇ ಅರ್ಥವಾಯಿತು. ಅತ್ತಿಗೆ ಎದ್ದು, "ಹೋಗ್ತೀನಿ" ಅಂದಳು. ಅವಳ ಬಾಯಲ್ಲಿ ಆ ಮಾತನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಗುಬ್ಬಿ ಓಡಿಬಂದು ಸೆರಗು ಹಿಡಿದಳು. "ಹಾಗನ್ಬಾರ್ದು ಟೀಚರ್. ನೀವೇ ಹೇಳ್ಕೊಟ್ರಲ್ಲ? ಬರ್ತೀನಿ ಅನ್ಬೇಕು."

ಅತ್ತಿಗೆ ಅವಳನ್ನೇ ನೋಡುತ್ತ ನಿಂತಳು. ಆಮೇಲೆ "ಬರ್ತೀನಿ" ಅಂದಳು.

ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ ಅಂದೆನಲ್ಲ? ಮಾರನೆಯ ಬೆಳಿಗ್ಗೆ ಆ ಪುಣ್ಯಾತ್ಗಿತ್ತಿ ಕಪ್ಪುಹಲಗೆಯನ್ನು ನನ್ನ ತಲೆಯ ಮೇಲೆ ಹೊರಿಸಿ, ಸ್ಟೂಲನ್ನು ಕಂಕುಳಲ್ಲಿ ಇಟ್ಟುಕೊಂಡು ಕ್ಯಾಂಪಿನ ದಾರಿ ಹಿಡಿದಳು.