ವಿಜಯದಶಮಿಗೆ ಏಳದ ಸರ್ವರುಗಳು

ಕುಸುಮ ಮಾತಿಗೆ ಸಿಗುವ ಹೆಂಗಸಲ್ಲ. ಬೆಳಕವಾಡಿಯಿಂದ ದಿನಾ ಬಸ್ಸಿನಲ್ಲಿ ಬಂದು ನಮ್ಮ ಖಾಸಗಿ ಸಕ್ಕರೆ ಕಾರ್ಖಾನೆಯ ಸರ್ವರ್ ಕೋಣೆ ಹೊಕ್ಕರೆ ಸಂಜೆಗೇ ಹೊರಗೆ. ತೂಕದ ಗುಮಾಸ್ತನಾದ ನನ್ನ ಮುಂದೆ ಒಂಬತ್ತು ವರ್ಷದಲ್ಲಿ ಒಂಬತ್ತು ಸಲ ನಕ್ಕಿರಬಹುದು, ಅದೂ ಹೆಚ್ಚೇ. ಆದರೆ ಏನಾದರೂ ಕೈಕೊಟ್ಟಾಗ ಆಕೆ ಕುರ್ಚಿ ಎಳೆದು ಕೂತರೆ ನಮಗೆಲ್ಲ ಧೈರ್ಯ.

ಕಬ್ಬಿನ ತೂಕ, ಸರದಿ ಚೀಟಿ ಎಲ್ಲವೂ ನಡೆಯುವುದು ಒಟ್ಟಾಗಿ ದುಡಿಯುವ ಮೂರು ಸರ್ವರುಗಳ ಮೇಲೆ. ಹಗಲುರಾತ್ರಿ ನಡೆಯುವ ಅವನ್ನು ನಾವು ನಿಲ್ಲಿಸುವುದು ವರ್ಷಕ್ಕೊಮ್ಮೆ, ಆಯುಧಪೂಜೆಗೆ. ಪೂಜೆಯೆಲ್ಲ ಅಟೆಂಡರ್ ಕರಿಯಪ್ಪನದು. ಗುತ್ತಿಗೆ ಕೆಲಸ, ವಯಸ್ಸು ಐವತ್ತೆಂಟು. ಮೂರಕ್ಕೂ ಕುಂಕುಮವಿಟ್ಟು, ಹೂವೇರಿಸಿ, ಬಾಗಿಲಲ್ಲಿ ಬೂದುಗುಂಬಳ ಒಡೆಯುತ್ತಾನೆ.

ಈ ಸಲ ವಿಜಯದಶಮಿಯ ಬೆಳಿಗ್ಗೆ ಚಾಲೂ ಮಾಡಿದರೆ ದೀಪಗಳು ಹತ್ತಿದವು, ತೂಕದ ಪ್ರೋಗ್ರಾಂ ಏಳಲಿಲ್ಲ. ಮ್ಯಾನೇಜರ್ ಕಸ್ತೂರಿರಂಗ ಬಂದವರೇ ಕುಂಕುಮ ನೋಡಿದರು, ಅಲ್ಲೇ ತೀರ್ಪು ಕೊಟ್ಟರು.

"ಮಿಷಿನ್ ಮೇಲೆ ನೀರು ಚಿಮುಕಿಸಿದ್ದೀಯ ಕರಿಯಪ್ಪ. ನಾಳೆಯಿಂದ ಬರಬೇಡ."

"ಒಂದು ತೊಟ್ಟೂ ಸೋಕ್ಸಿಲ್ಲ ಸಾ," ಎಂದ ಕರಿಯಪ್ಪ. ಪೂಜೆಯ ಹೊತ್ತು ನಾನೂ ಅಲ್ಲೇ ಇದ್ದೆ, ಅವನು ಹೇಳಿದ್ದು ನಿಜ. ಆದರೂ ಬಾಯಿ ಬಿಡಲಿಲ್ಲ. ನೆನೆದರೆ ಇವತ್ತಿಗೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಕುಸುಮ ಪರದೆಯಿಂದ ಕಣ್ಣು ಕೀಳದೆ ಹೇಳಿದಳು: "ನೀರು ಬಿದ್ದಿದ್ರೆ ಒಂದು ಕೆಡ್ತಿತ್ತು ಸಾರ್. ಮೂರೂ ಒಂದೇ ರಾಗ ಆಡ್ತಾವೆ. ಅರ್ಧ ಗಂಟೆ ಕೊಡಿ, ಅಲ್ಲೀಗಂಟ ಯಾರನ್ನೂ ಕಳಿಸ್ಬೇಡಿ."

ಇಪ್ಪತ್ತೇ ನಿಮಿಷಕ್ಕೆ ಹಿಡಿದಳು. ಯಂತ್ರ ನಡೆಸುವ ಮೂಲ ತಂತ್ರಾಂಶ ಕರ್ನಲ್. ಅದು ಒಂದೊಂದು ಕೆಲಸಕ್ಕೆ ಮಾಡ್ಯೂಲ್ ಎಂಬ ಒಂದೊಂದು ತುಣುಕನ್ನು ಕರೆಸಿಕೊಳ್ಳುತ್ತದೆಯಂತೆ. ನಮ್ಮ ಪ್ರೋಗ್ರಾಮಿಗೆ ಬೇಕಾದ ಎರಡು ತುಣುಕುಗಳನ್ನು ಕರೆಸಕೂಡದೆಂದು ಮೂರರಲ್ಲೂ ಒಂದು ಫೈಲಿನಲ್ಲಿ ಬರೆದಿತ್ತು. ಬರೆದ ದಿನ ಅವು ಆಗಲೇ ಒಳಗೆ ಕೂತಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಪೂಜೆಗೆ ನಿಲ್ಲಿಸಿದಾಗ ಹೊರಬಿದ್ದವು, ಮತ್ತೆ ಒಳಗೆ ಬರಲಾಗಲಿಲ್ಲ.

ಆ ಸಾಲುಗಳನ್ನು ಅಳಿಸಿ ಮೂರನ್ನೂ ಮತ್ತೆ ಚಾಲೂ ಮಾಡಿದಳು. ತೂಕ ಶುರುವಾಯಿತು.

"ಯಾರು ಬರೆದದ್ದು, ಗೊತ್ತಾಗುತ್ತಾ?" ಎಂದರು ಕಸ್ತೂರಿರಂಗ.

ಆ ಫೈಲನ್ನು ಓದಬಲ್ಲವರು ಕಾರ್ಖಾನೆಯಲ್ಲಿ ಆಕೆಯೊಬ್ಬಳೇ. ಗೊತ್ತಾಗಲ್ಲ ಎಂದಿದ್ದರೆ ಮುಗಿಯುತ್ತಿತ್ತು.

"ನಾನೇ ಸಾರ್. ಓದ ತಿಂಗಳು ಕಂಪ್ಯೂಟರ್ ಭದ್ರತೆ ತಪಾಸಣೆಯವರು ಬೇಡದ ತುಣುಕನ್ನೆಲ್ಲ ಮುಚ್ಚಿ ಅಂದ್ರು. ಬೇಕಾದ್ದನ್ನೂ ಸೇರಿಸಿ ಮುಚ್ಬುಟ್ಟೆ. ನಿಲ್ಸಿ ಪರೀಕ್ಷೆ ಮಾಡ್ಬೇಕಿತ್ತು, ಮಾಡ್ಲಿಲ್ಲ. ತಪ್ಪು ನನ್ನ ಎಸ್ರಿಗೆ ಬರ್ಕಳಿ."

ಕಸ್ತೂರಿರಂಗ ಬಾಗಿಲ ಕಡೆ ತಿರುಗಿದರು. "ಕರಿಯಪ್ಪ, ನಾಳೆ ಬಾ," ಎಂದು ಹೊರಟುಹೋದರು.

ಕರಿಯಪ್ಪ ಆಕೆಯ ಹತ್ತಿರ ಬಂದ. "ಯಾಕವ್ವ ಒಪ್ಕಂಡೆ? ನಿನ್ ಕೆಲ್ಸ ಓಗಿದ್ರೆ?"

"ಓಗಿದ್ರೆ ಮಂಡ್ಯದಲ್ಲಿ ಇನ್ನೊಂದು ಸಿಗ್ತಿತ್ತು ಕಣಣ್ಣ. ನಿಂಗೆ ಯಾರು ಕೊಡೋರು?"