ಪೂಜೆ ಮುಗಿಯುವ ಮೊದಲೇ ಏರಿದ ನೀರು

ಬೆಂಗಳೂರಿನ ಪದ್ಮನಾಭನಗರದಲ್ಲಿ ಮಿಕ್ಸಿ, ಕುಕ್ಕರ್ ರಿಪೇರಿ ಅಂಗಡಿ ಇಟ್ಟಿರುವ ಪರಮಶಿವಯ್ಯನವರು ಒಂದು ದಿನವೂ ಲಿಂಗಪೂಜೆ ತಪ್ಪಿಸಿದವರಲ್ಲ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಲ್ಲಿರುವ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂತರೆಂದರೆ ಅರ್ಧ ಗಂಟೆ ಅವರಿಗೆ ಲೋಕವೇ ಇಲ್ಲ. ಮಗಳು ಸಿರಿಯ ಮದುವೆಯ ದಿನ, ಮುಹೂರ್ತ ಮೀರುತ್ತದೆ ಎಂದು ಛತ್ರದವರೆಲ್ಲ ಬಾಗಿಲು ಬಡಿದರೂ ನಡುವೆ ಎದ್ದಿರಲಿಲ್ಲ.

ಪೂಜೆ ಬಿಟ್ಟರೆ ಅವರ ಜೀವ ಇರುವುದು ಮೂವತ್ತು ವರ್ಷ ಹಳೆಯ ಬೈಕಿನಲ್ಲಿ. ಚಿಕ್ಕಲಸಂದ್ರದ ತಿರುವಿನಲ್ಲಿ ಒಮ್ಮೆ ಜಾರಿ ಬಿದ್ದು, ಮೊಣಕಾಲು ಊದಿಸಿಕೊಂಡು ಬಂದಾಗ ಹೆಂಡತಿ ಜಯದೇವಿ ಎಣ್ಣೆ ಹಚ್ಚುತ್ತಲೇ ತೀರ್ಪು ಕೊಟ್ಟರು.

"ಅರವತ್ತೆರಡು ಆಯ್ತು ರೀ. ಎದುರುಮನೆ ಮಯೂರ್ ಗಾಡಿ ಕೇಳ್ತಾ ಇದಾನೆ, ಕೊಟ್ಬಿಡಿ."

"ಒಂದ್ಸಲ ಸಮುದ್ರ ನೋಡ್ಕೊಂಡು ಬರ್ತೀನಿ ಕಣೇ. ಒಬ್ಬನೇ. ಹುಟ್ಟಿದಾಗಿಂದ ನೋಡಿಲ್ಲ."

ಜಯದೇವಿ ಎಣ್ಣೆಯ ಬಟ್ಟಲು ಬದಿಗಿಟ್ಟರು. "ಸರಿ. ಓಡಿಸ್ಕೊಂಡು ಹೋಗಿ ಓಡಿಸ್ಕೊಂಡೇ ಬಂದ್ರೆ ಗಾಡಿ ನಿಮ್ದು. ಲಾರಿ ಮೇಲೆ ಮಲಗಿಸ್ಕೊಂಡು ಬಂದ್ರೆ ಮಯೂರನದು. ಒಪ್ಪಿಗೆನಾ?"

"ಶಿವನಾಣೆ, ಒಪ್ಪಿಗೆ."

ಮಂಗಳೂರು ದಾಟಿ ಉತ್ತರಕ್ಕೆ ಹೊರಟ ಮೇಲೆ, ಎಡಗಡೆ ಸಮುದ್ರ ಕಂಡಾಗಲೆಲ್ಲ ಪರಮಶಿವಯ್ಯನವರು ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು ಕೈಮುಗಿದರು. ಮೂರನೆಯ ದಿನ ಕುಂದಾಪುರದಾಚೆ, ಲಾಡ್ಜಿನಲ್ಲಿ ಸ್ನಾನ ಮುಗಿಸಿ, ಇವತ್ತಿನ ಪೂಜೆ ಆ ನೀರಿನೆದುರೇ ಆಗಲಿ ಎಂದು ಮರಳಿಗಿಳಿದರು. ಒದ್ದೆ ಮರಳು ಗಾರೆ ನೆಲದಂತೆ ಗಟ್ಟಿಯಾಗಿತ್ತು. ಅಲ್ಲೇ ಬೈಕು ನಿಲ್ಲಿಸಿ ಪಕ್ಕದ ಬಂಡೆಯ ಮೇಲೆ ಕೂತರು. ಮರಳು ಯಾಕೆ ಒದ್ದೆಯಾಗಿದೆ ಎಂದು ಹೊಳೆಯಲಿಲ್ಲ. ಪಾಪ, ಕೆರೆ ಕಂಡವರು. ಕೆರೆ ಹೊತ್ತಿಗೊಂದು ದಡ ಬದಲಿಸುವುದಿಲ್ಲ.

ಇಳಿದಿದ್ದ ನೀರು ಮತ್ತೆ ಏರುತ್ತ ಬಂತು. ಸದ್ದು ಹತ್ತಿರವಾದದ್ದು ಅವರಿಗೆ ಕೇಳಿತು. ಕಣ್ಣು ಲಿಂಗದಿಂದ ಕದಲಲಿಲ್ಲ. ಧೊಪ್ಪನೆ ಏನೋ ಬಿತ್ತು. ಏನೆಂದು ಗೊತ್ತಿತ್ತು. ಆದರೂ ಮಂತ್ರ ಮುಗಿಸಿ, ಲಿಂಗವನ್ನು ಬೆಳ್ಳಿಯ ಕರಡಿಗೆಗೆ ಸೇರಿಸಿಯೇ ಎದ್ದರು. ಬೈಕಿನ ಒಂದು ಕನ್ನಡಿ ಮಾತ್ರ ನೀರಿನ ಮೇಲಿತ್ತು.

ಮೀನು ಮಾರಲು ಹೊರಟಿದ್ದ ಬಾಬಿ ಎಂಬ ಹೆಂಗಸು ಬುಟ್ಟಿ ಇಳಿಸಿ ಓಡಿ ಬಂದರು. "ಎಂತ ಮಾರಾಯ್ರೆ, ಗಾಡಿಗೂ ಸಮುದ್ರಸ್ನಾನವಾ?" ನಗುತ್ತಲೇ ನೀರಿಗಿಳಿದು, ಇವರ ಜೊತೆ ಬೈಕನ್ನು ದಡಕ್ಕೆಳೆದರು. ಉಪ್ಪು ತೊಳೆಯಲು ತಮ್ಮ ಮನೆಯ ಬಾವಿಯಿಂದ ಕೊಡದ ಮೇಲೆ ಕೊಡ ಸೇದಿ ಕೊಟ್ಟರು. ಷರತ್ತಿನ ಕತೆ ಕೇಳಿ ಇನ್ನಷ್ಟು ನಕ್ಕರು.

ಮಿಕ್ಸಿ ಮೋಟರು ಬಿಚ್ಚಿ ಪಳಗಿದ ಕೈ. ಪ್ಲಗ್ ಒರೆಸಿ, ಕಾರ್ಬುರೇಟರ್ ಊದಿ, ಎಂಜಿನ್ ಆಯಿಲ್ ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಪರಮಶಿವಯ್ಯನವರು ಅದಕ್ಕೆ ಜೀವ ಬರಿಸಿದರು. ಅದು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು.

ಬಾಬಿಯ ಅಳಿಯ ಶೇಖರ ಬೆಂಗಳೂರಿಗೆ ಮೀನಿನ ಟೆಂಪೊ ಹೊರಡಿಸುತ್ತಿದ್ದ. "ಇದರಲ್ಲಿ ಘಾಟಿ ಹತ್ತುವುದು ಕಷ್ಟ ಉಂಟು ಸರ್. ಮೇಲೆ ಹಾಕುವ. ನೆಲಮಂಗಲದಲ್ಲಿ ಇಳಿಸಿಕೊಡ್ತೇನೆ, ಅಲ್ಲಿಂದ ಜಮ್ಮಂತ ಓಡಿಸಿಕೊಂಡು ಹೋಗಿ. ನಿಮ್ಮ ಮನೆಯ ಅಮ್ಮನಿಗೆ ಎಂತ ಗೊತ್ತಾಗ್ತದೆ?"

ಕಿಕ್ ಹೊಡೆದು ಹೊಡೆದು ಮೊಣಕಾಲು ಮತ್ತೆ ಊದಿತ್ತು. ಪರಮಶಿವಯ್ಯನವರು ಟೆಂಪೊವನ್ನು ಆಸೆಯಿಂದಲೇ ನೋಡಿದರು.

"ಮೀನಿನ ವಾಸನೆ ಅಂತ ಯೋಚನೆಯಾ?"

"ಛೆ, ಅದಲ್ಲಪ್ಪ. ಅವಳಿಗೆ ಗೊತ್ತಾಗಲ್ಲ, ನಿಜ." ಎದೆಯ ಮೇಲಿನ ಕರಡಿಗೆ ಮುಟ್ಟಿಕೊಂಡರು. "ನಾಳೆ ಬೆಳಿಗ್ಗೆ ಇವನನ್ನ ಅಂಗೈಲಿಟ್ಕೊಂಡು ಕೂತ್ಕೋಬೇಕಲ್ಲ. ನೀವು ಹೊರಡಿ. ನಾನು ನಿಧಾನಕ್ಕೆ ಹತ್ತಿಸ್ಕೊಂಡು ಬರ್ತೀನಿ."